ಚಿತ್ರದುರ್ಗದ ಗುಡ್ಡಗಳ ಬುಡದಲ್ಲಿ ಬಂಡಿದಾರಿಯ ಬೈಕ್ ಸವಾರಿ: ಹೊಸಬರಿಗೊಂದು ಮಾರ್ಗದರ್ಶಿ

ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗ, ಅಂದರೆ ಹಿರಿಯೂರು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು, ಕರ್ನಾಟಕದ ಅತ್ಯಂತ ಒಣ ಪ್ರದೇಶಗಳ ಸಾಲಿಗೆ ಸೇರುತ್ತವೆ. ಇದು ಮರುಭೂಮಿಯಲ್ಲದಿದ್ದರೂ ಬೋಳು ಬಂಡೆಯ ಗುಡ್ಡಗಳು, ಅವುಗಳ ಬುಡದ ಕುರುಚಲು ಕಾಡು, ವರ್ಷದ ಬಹುಪಾಲು ಒಣಗಿಯೇ ಇರುವ ಹಳ್ಳಗಳು ಮತ್ತು ಎಡೆಬಿಡದೆ ಬೀಸುವ ಗಾಳಿ ಸೇರಿ ಇಲ್ಲಿನ ನೆಲಕ್ಕೆ ಬೇರೆಯದೇ ಸ್ವಭಾವ ಬಂದಿದೆ. ಡಾಂಬರು ರಸ್ತೆಯಲ್ಲಿ ಬೈಕ್ ಓಡಿಸಿ ಅಭ್ಯಾಸವಿದ್ದು ಮಣ್ಣಿನ ದಾರಿಯ ಅನುಭವ ಇಲ್ಲದವರಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ನೆಲ ನಮ್ಮ ಸೀಮೆಯಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎತ್ತಿನ ಬಂಡಿ, ಟ್ರ್ಯಾಕ್ಟರ್ ಮತ್ತು ಕುರಿಹಿಂಡುಗಳು ತಲೆಮಾರುಗಳಿಂದ ತುಳಿದ ದಾರಿಗಳು ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ, ಒಂದು ಗುಡ್ಡದ ಬುಡದಿಂದ ಇನ್ನೊಂದರ ಬುಡಕ್ಕೆ ಹೋಗುತ್ತವೆ. ಏರಿಳಿತ ಹೆಚ್ಚಿಲ್ಲ, ಕಣ್ಣಿಗೆ ಅಡ್ಡವಾಗುವ ದಟ್ಟ ಮರಗಳಿಲ್ಲ, ಎಲ್ಲಿಂದ ನೋಡಿದರೂ ಮುಂದಿನ ದಾರಿ ಕಾಣುತ್ತದೆ.

ಆದರೆ ಸುಲಭದ ದಾರಿಯಲ್ಲೂ ಕಲಿಯಬೇಕಾದದ್ದು ಒಂದಿದೆ, ಅದು ಮಣ್ಣನ್ನು ಓದುವ ಅಭ್ಯಾಸ. ಹತ್ತು ಕಿಲೋಮೀಟರಿನೊಳಗೆ ಇಲ್ಲಿ ಕೆಮ್ಮಣ್ಣು, ಗರಸು, ಎರೆ ಎಂಬ ಕಪ್ಪು ಮಣ್ಣು, ಹಳ್ಳದ ಮರಳು ಮತ್ತು ಹಾಸುಬಂಡೆ ಒಂದರ ಹಿಂದೊಂದು ಎದುರಾಗಬಹುದು, ಪ್ರತಿಯೊಂದರ ಮೇಲೂ ಚಕ್ರ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ವೇಗ, ಗೇರು, ಬ್ರೇಕು, ಮೈಯ ಭಂಗಿ ಎಲ್ಲವೂ ಆ ಓದಿನ ನಂತರ ಬರುವ ವಿಷಯಗಳು.

ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು

ಹೋಗಬಾರದ ಜಾಗಗಳನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಚಿತ್ರದುರ್ಗ ನಗರದ ಬೆನ್ನಿಗಿರುವ ಜೋಗಿಮಟ್ಟಿಯೂ, ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ವನ್ಯಜೀವಿಧಾಮಗಳು. ರಂಗಯ್ಯನದುರ್ಗವನ್ನು ಕೊಂಡುಕುರಿಯ (ನಾಲ್ಕು ಕೊಂಬಿನ ಹುಲ್ಲೆಯ) ರಕ್ಷಣೆಗೆಂದೇ ಮೀಸಲಿಡಲಾಗಿದೆ. ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ, ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಕಾಯ್ದೆಯ ಭಯ ಒತ್ತಟ್ಟಿಗಿರಲಿ, ಕುರುಚಲು ಕಾಡಿನ ಮೇಲ್ಮಣ್ಣು ಬಹಳ ತೆಳು. ಒಮ್ಮೆ ಚಕ್ರ ಕೆದರಿದ ಜಾಗದಲ್ಲಿ ಮುಂದಿನ ಮಳೆ ಕೊರಕಲು ಕೊರೆಯುತ್ತದೆ, ಅಲ್ಲಿ ಮತ್ತೆ ಹುಲ್ಲು ಹುಟ್ಟಲು ವರ್ಷಗಳೇ ಬೇಕು. ಆದ್ದರಿಂದ ಈಗಾಗಲೇ ಇರುವ ದಾರಿಯನ್ನು ಬಿಟ್ಟು ಪಕ್ಕಕ್ಕೆ ಇಳಿಯದಿರುವುದೇ ಈ ಸವಾರಿಯ ಮೊದಲ ನಿಯಮ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳ, ಅಂದರೆ ಅಮೃತಮಹಲ್ ತಳಿಯ ದನಗಳಿಗೆ ಮೀಸಲಿದ್ದ ಹುಲ್ಲುಗಾವಲುಗಳ, ದೊಡ್ಡ ಭಾಗ ಈಗ ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರದ ವಶದಲ್ಲಿದೆ. ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ತಾನಾಗಿ ಇಳಿಯುವಂತೆ ಮಾಡಿದ್ದು ಇದೇ ಬಯಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ. ಆ ಕಾವಲಿನ ಹಳೆಯ ದಾರಿಗಳನ್ನು ಫೋನಿನ ನಕ್ಷೆ ಇನ್ನೂ ತೋರಿಸಿದರೂ ಹಲವು ದಾರಿಗಳು ಕಾಂಪೌಂಡ್ ಗೋಡೆಗೆ ಬಂದು ನಿಲ್ಲುತ್ತವೆ. ಗೋಡೆಯನ್ನು ಸುತ್ತಿಕೊಂಡು ಒಳದಾರಿ ಹುಡುಕುವ ಸಾಹಸಕ್ಕೆ ಇಳಿಯದೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ಗುಡ್ಡಗಳ ನೆತ್ತಿಗೆ ಏರುವ ಗಾಳಿಯಂತ್ರಗಳ ದಾರಿಗಳೂ ಆಕರ್ಷಕವಾಗಿ ಕಾಣುತ್ತವೆ. ಅವು ಕಂಪನಿಗಳು ತಮ್ಮ ಯಂತ್ರಗಳಿಗಾಗಿ ಮಾಡಿಕೊಂಡ ದಾರಿಗಳಾದ್ದರಿಂದ ಗೇಟಿನ ಕಾವಲುಗಾರರನ್ನು ಕೇಳಿಯೇ ಹೋಗಬೇಕು, ಬೇಡವೆಂದರೆ ವಾದಿಸಬಾರದು.

ಹಾಗಾದರೆ ಎಲ್ಲಿಗೆ? ಮೊದಲ ಸವಾರಿಗೆ ನಾನು ಸೂಚಿಸುವುದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಸುತ್ತಲಿನ ಬಯಲನ್ನು. ಅಶೋಕನ ಕಿರು ಶಿಲಾಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಕಡೆ ಪರಸ್ಪರ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಇವನ್ನು 1892ರಲ್ಲಿ ಬೆಳಕಿಗೆ ತಂದರು, 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದರು. ಶಾಸನದಲ್ಲಿ ಬರುವ ಇಸಿಲ ಪಟ್ಟಣ ಇಲ್ಲಿಯೇ ಇತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಊರುಗಳನ್ನು ಡಾಂಬರು ರಸ್ತೆ ಮುಟ್ಟಿದ್ದರೂ ಹೊಲಗಳ ನಡುವಿನ ಬಂಡಿದಾರಿಗಳು ಹಾಗೆಯೇ ಉಳಿದಿವೆ, ದಾರಿ ತಪ್ಪಿದರೆ ತಲೆಯೆತ್ತಿ ಗುಡ್ಡ ನೋಡಿದರೆ ದಿಕ್ಕು ತಿಳಿಯುತ್ತದೆ. ಶಾಸನದ ಬಂಡೆಗಳೂ ಸುತ್ತಲಿನ ಪ್ರಾಚೀನ ನೆಲೆಯೂ ಸಂರಕ್ಷಿತವಾದ್ದರಿಂದ ಬೈಕನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋಗಬೇಕು. ರಾವಣನ ಕೈಯಲ್ಲಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದದ್ದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಎಂದು ಸುತ್ತಲಿನ ಜನ ನಂಬುತ್ತಾರೆ. ಆ ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಹತ್ತಬೇಕು.

ಕಾಲ ಮತ್ತು ಹೊತ್ತು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಕಾಲ ಉತ್ತಮ. ಶೇಂಗಾ ಕಿತ್ತಾಗಿರುತ್ತದೆ, ಹೊಲದ ಬದುಗಳು ಗಟ್ಟಿಯಾಗಿರುತ್ತವೆ, ಬಿಸಿಲು ತಡೆಯುವಂತಿರುತ್ತದೆ. ಜೂನ್, ಜುಲೈ ಬಿತ್ತನೆಯ ತಿಂಗಳುಗಳು. ಆಗ ಬಂಡಿದಾರಿಯ ಅಂಚು ಎಲ್ಲಿ ಮುಗಿಯುತ್ತದೆ, ಬಿತ್ತಿದ ಸಾಲು ಎಲ್ಲಿ ಶುರುವಾಗುತ್ತದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆ ತಿಂಗಳುಗಳಲ್ಲಿ ಹೋಗದಿರುವುದೇ ರೈತರಿಗೆ ನಾವು ತೋರಬೇಕಾದ ಮರ್ಯಾದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುವುದರಿಂದ, ಹೋಗಲೇಬೇಕಿದ್ದರೆ ಬೆಳಗಿನ ಹತ್ತು ಗಂಟೆಯೊಳಗೆ ಮುಗಿಸಬೇಕು. ಯಾವ ಕಾಲದಲ್ಲೇ ಆಗಲಿ, ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಡಾಂಬರು ರಸ್ತೆಗೆ ಬಂದಿರಬೇಕು. ಸಂಜೆಯ ಓರೆ ಬೆಳಕಿನಲ್ಲಿ ಹೊಲಕ್ಕೆ ಕಟ್ಟಿದ ತೆಳು ತಂತಿ ಕಾಣುವುದಿಲ್ಲ, ಮೇಲಾಗಿ ಈ ಬಂಡೆಗುಡ್ಡಗಳಲ್ಲಿ ಕರಡಿಗಳೂ ಚಿರತೆಗಳೂ ಇದ್ದು ಅವು ಕೆಳಗಿಳಿಯುವ ಹೊತ್ತೂ ಅದೇ.

ಬೈಕ್, ಟೈರು ಮತ್ತು ಮುಳ್ಳು

ಈ ದಾರಿಗಳಿಗೆ ದೊಡ್ಡ ಬೈಕ್ ಬೇಕಿಲ್ಲ. ಹೀರೊ ಎಕ್ಸ್‌ಪಲ್ಸ್ ಅಥವಾ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ, ನೆಲದಿಂದ ಎತ್ತರವಾಗಿರುವ ಬೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಊರಿನ ಜನ ದಿನವೂ ಹೊಲಕ್ಕೆ ಓಡಿಸುವ ನೂರು ಸಿಸಿಯ ಬೈಕ್ ಕೂಡ ಸಾಕು. ಹಗುರವಾದ ಬೈಕ್ ಬಿದ್ದರೆ ಒಬ್ಬರೇ ಎತ್ತಬಹುದು, ಹೊಸಬರಿಗೆ ಇದು ಅಶ್ವಶಕ್ತಿಗಿಂತ ದೊಡ್ಡ ಅನುಕೂಲ. ಟೈರಿನ ಗಾಳಿಯನ್ನು ಕಂಪನಿ ಸೂಚಿಸಿದ ಪ್ರಮಾಣಕ್ಕಿಂತ ಐದಾರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಮಾಡಿದರೆ ಚಕ್ರ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬೈಕಿಗೆ ಸುಮಾರು 20 ಪಿಎಸ್‌ಐಗಿಂತ ಕೆಳಗೆ ಇಳಿಸಬಾರದು, ಏಕೆಂದರೆ ಕಲ್ಲಿನ ಏಟಿಗೆ ಟ್ಯೂಬು ಟೈರು ಮತ್ತು ರಿಮ್ಮಿನ ನಡುವೆ ಸಿಕ್ಕಿ ಸೀಳುತ್ತದೆ. ಥಾರ್‌ನಂಥ ಜೀಪಿನಲ್ಲಿ ಹೋಗುವವರು 32ರಿಂದ 24ರ ಆಸುಪಾಸಿಗೆ ಇಳಿಸಿ, ಫೋರ್ ವೀಲ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗೇರಿನಲ್ಲಿ) ನಿಧಾನವಾಗಿ ಹೋದರೆ ಸಾಕಾಗುತ್ತದೆ.

ಇಲ್ಲಿ ಎಂಜಿನ್ ಕೆಟ್ಟು ನಿಲ್ಲುವುದಕ್ಕಿಂತ ಬಳ್ಳಾರಿ ಜಾಲಿಯ ಮುಳ್ಳಿನಿಂದ ನಿಲ್ಲುವ ಸಂಭವವೇ ಹೆಚ್ಚು. ಕೆರೆಯಂಗಳ, ಹಳ್ಳದ ದಡ, ಪಾಳುಬಿದ್ದ ಹೊಲ ಎಲ್ಲೆಡೆ ಈ ಗಿಡ ಹಬ್ಬಿದೆ, ಬೇಲಿಗೆ ಕಡಿದು ಹಾಕಿದ ಕೊಂಬೆಗಳು ದಾರಿಗೂ ಚಾಚಿರುತ್ತವೆ. ಇದರ ಮುಳ್ಳು ಟೈರಿಗೆ ನೇರವಾಗಿ ಹೊಕ್ಕು, ಹೊರಗಿನ ತುದಿ ಮುರಿದು, ಒಳಗಿನ ಚೂರು ರಬ್ಬರಿನಲ್ಲೇ ಉಳಿಯುತ್ತದೆ; ಚಕ್ರ ತಿರುಗಿದಂತೆಲ್ಲ ಒಳಕ್ಕೆ ಸರಿದು ಎಷ್ಟೋ ದೂರ ಹೋದ ಮೇಲೆ ಟ್ಯೂಬನ್ನು ಮುಟ್ಟುತ್ತದೆ. ಆದ್ದರಿಂದ ಪಂಕ್ಚರ್ ಆದಾಗ ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸುತ್ತಲೂ ಒರೆಸಬೇಕು. ಕೈಗೆ ತಾಗದ ಮುಳ್ಳಿನ ಮೊನೆಯೂ ಬಟ್ಟೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಕಡೆ ಹೊರಗಿನಿಂದ ಟೈರನ್ನು ಬಗ್ಗಿಸಿ ಹಿಡಿದು, ಇಕ್ಕಳದಿಂದ ಚೂರನ್ನು ಎಳೆದು ತೆಗೆದು, ಮತ್ತೊಮ್ಮೆ ಒರೆಸಿ ನೋಡಬೇಕು. ಈ ಎರಡು ನಿಮಿಷದ ಕೆಲಸ ಬಿಟ್ಟರೆ ಹೊಸ ಟ್ಯೂಬೂ ಮುಂದಿನ ಊರು ಮುಟ್ಟುವುದಿಲ್ಲ. ಟ್ಯೂಬ್‌ಲೆಸ್ ಟೈರಾದರೆ ಗಾಳಿ ವೇಗವಾಗಿ ಇಳಿಯದ ಹೊರತು ಮುಳ್ಳನ್ನು ದಾರಿಯಲ್ಲಿ ಕೀಳದೆ, ಸಮತಟ್ಟಾದ ನೆರಳಿಗೆ ಬಂದ ಮೇಲೆ ಕಿತ್ತು ಪ್ಲಗ್ ಹಾಕಬೇಕು.

ಹೀಗಾಗಿ ಚೀಲದಲ್ಲಿ ಕೈಪಂಪು, ಟೈರ್ ಲಿವರ್, ಎರಡೂ ಚಕ್ರಗಳ ಅಳತೆಯ ಟ್ಯೂಬು, ಇಕ್ಕಳ ಮತ್ತು ಗಾಳಿಯ ಒತ್ತಡ ನೋಡುವ ಗೇಜ್ ಇರಲೇಬೇಕು. ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು, ಬೂಟು, ಗ್ಲೌಸು, ಮೊಣಕಾಲು ಮೊಣಕೈ ಕವಚ ಮತ್ತು ಮುಖ ಮುಚ್ಚುವ ಹೆಲ್ಮೆಟ್ ಬೇಕು. ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಡಬೇಕು. ಒಬ್ಬರೇ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮಣ್ಣನ್ನು ಓದುತ್ತ ಓಡಿಸುವುದು

ಡಾಂಬರು ಬಿಟ್ಟು ಮಣ್ಣಿಗಿಳಿದ ಕೂಡಲೇ ಬೈಕ್ ಕೈಯಡಿಯಲ್ಲಿ ಅಲುಗಲು ಶುರುವಾಗುತ್ತದೆ. ಹೊಸಬರು ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಮುಂದಿನ ಚಕ್ರ ತಾನೇ ದಾರಿ ಹುಡುಕಿಕೊಳ್ಳುವುದನ್ನು ಆ ಬಿಗಿ ಹಿಡಿತವೇ ತಡೆಯುತ್ತದೆ. ಫುಟ್‌ಪೆಗ್‌ನ ಮೇಲೆ ನಿಂತು, ಮೊಣಕಾಲನ್ನು ತುಸು ಬಗ್ಗಿಸಿ, ಪೆಟ್ರೋಲ್ ಟ್ಯಾಂಕನ್ನು ತೊಡೆಗಳ ನಡುವೆ ಹಿಡಿದರೆ ಮೈಭಾರ ಕೈಯಿಂದ ಕಾಲಿಗೆ ಇಳಿಯುತ್ತದೆ. ಆಗ ಕೈ ಸಡಿಲವಾಗಿರಲು ಸಾಧ್ಯ. ಕಣ್ಣು ಮುಂದಿನ ಚಕ್ರದ ಬಳಿ ಇರಬಾರದು, ಹತ್ತು ಹದಿನೈದು ಮೀಟರ್ ಆಚೆಗಿರಬೇಕು. ಕಲ್ಲನ್ನೇ ನೋಡುತ್ತ ಹೋದರೆ ಬೈಕೂ ಕಲ್ಲಿನ ಕಡೆಗೇ ಹೋಗುತ್ತದೆ. ಎರಡನೇ ಗೇರಿನಲ್ಲಿ ಗಂಟೆಗೆ 20ರಿಂದ 30 ಕಿಲೋಮೀಟರ್ ವೇಗ ಸಾಕು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಹೀಗೆ ನಿಂತು ಓಡಿಸಿ, ನಿಂತುಕೊಂಡೇ ಗೇರು ಬದಲಿಸುವುದನ್ನೂ ಹಿಂದಿನ ಬ್ರೇಕ್ ತುಳಿಯುವುದನ್ನೂ ರೂಢಿಸಿಕೊಂಡ ಮೇಲೆ ಗುಡ್ಡದ ಕಡೆ ಹೊರಡಬೇಕು.

ಕೆಮ್ಮಣ್ಣು ಇವುಗಳಲ್ಲೆಲ್ಲ ಸೌಮ್ಯವಾದದ್ದು. ಹಿಂದಿನ ದಿನ ಸಣ್ಣ ಮಳೆಯಾಗಿದ್ದರೆ ಗಟ್ಟಿಯಾಗಿ ಚಕ್ರ ಹಿಡಿಯುತ್ತದೆ. ಒಣಗಿ ಟ್ರ್ಯಾಕ್ಟರ್ ತುಳಿದ ಕಡೆ ಮಾತ್ರ ನುಣ್ಣನೆಯ ಹುಡಿ ನಿಂತು ಅದರ ಕೆಳಗಿನ ಗುಂಡಿಯನ್ನು ಮುಚ್ಚಿರುತ್ತದೆ. ಸುತ್ತಲಿನ ಮಣ್ಣಿಗಿಂತ ತಿಳಿ ಬಣ್ಣದ, ಗೆರೆಯೇ ಇಲ್ಲದ ನಯವಾದ ಜಾಗ ಕಂಡರೆ ಅಲ್ಲಿ ಹುಡಿ ಇದೆಯೆಂದು ತಿಳಿದು ವೇಗ ಇಳಿಸಬೇಕು.

ಗುಡ್ಡದ ಬುಡಕ್ಕೆ ಬಂದಂತೆ ಗರಸು ಹೆಚ್ಚಾಗುತ್ತದೆ. ಬಂಡೆ ಸವೆದು ಉದುರಿದ ಈ ಹರಳುಗಳು ಗಟ್ಟಿ ನೆಲದ ಮೇಲೆ ಬಿಡಿಬಿಡಿಯಾಗಿ ಕೂತಿರುವುದರಿಂದ ಅವುಗಳ ಮೇಲೆ ಚಕ್ರ ಹೋಗುವುದು ರಾಗಿ ಚೆಲ್ಲಿದ ಸಿಮೆಂಟ್ ನೆಲದ ಮೇಲೆ ಕಾಲಿಟ್ಟಂತೆ. ಹೊಸಬರು ಬೀಳುವುದು ಹೆಚ್ಚಾಗಿ ಇಲ್ಲಿಯೇ, ಅದೂ ಇಳಿಜಾರಿನ ತಿರುವಿನಲ್ಲಿ. ತಿರುವಿಗೆ ಮುಂಚೆ, ಬೈಕ್ ನೇರವಾಗಿರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸಿಕೊಳ್ಳಬೇಕು, ತಿರುವಿನೊಳಗೆ ಬ್ರೇಕ್ ಮುಟ್ಟಬಾರದು. ಡಾಂಬರಿನಲ್ಲಿ ಮಾಡುವಂತೆ ಮೈಯನ್ನು ಒಳಕ್ಕೆ ವಾಲಿಸದೆ, ಬೈಕನ್ನು ಮಾತ್ರ ವಾಲಿಸಿ ಮೈಯನ್ನು ನೆಟ್ಟಗಿಟ್ಟು, ತಿರುವಿನ ಹೊರಬದಿಯ ಫುಟ್‌ಪೆಗ್‌ನ ಮೇಲೆ ಭಾರ ಹಾಕಿದರೆ ಚಕ್ರ ಜಾರುವುದಿಲ್ಲ.

ಇಳಿಜಾರಿಗೆ ಮೊದಲ ಗೇರು ಹಾಕಿ ಕ್ಲಚ್ ಪೂರ್ತಿ ಬಿಟ್ಟರೆ ಎಂಜಿನ್ ತಾನೇ ವೇಗವನ್ನು ಹಿಡಿದಿಡುತ್ತದೆ. ಹಿಂದಿನ ಬ್ರೇಕನ್ನು ಹಗುರವಾಗಿ, ಮುಂದಿನದನ್ನು ಒಂದೇ ಬೆರಳಿನಲ್ಲಿ ಬಳಸುತ್ತ, ಸೊಂಟವನ್ನು ಹಿಂದಕ್ಕೆ ಸರಿಸಬೇಕು. ಸಡಿಲ ಗರಸಿನ ಇಳಿಜಾರಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಚಕ್ರವನ್ನು ಪದೇ ಪದೇ ಬಿಡುವುದರಿಂದ ಬೈಕ್ ನಿಲ್ಲುವ ದೂರ ಹೆಚ್ಚುತ್ತದೆ. ಹಿಂದಿನ ಚಕ್ರದ ಎಬಿಎಸ್ ಆರಿಸುವ ಸೌಲಭ್ಯ ಬೈಕಿನಲ್ಲಿದ್ದರೆ ಮಣ್ಣಿಗಿಳಿಯುವ ಮುನ್ನ ಆರಿಸಿ, ಡಾಂಬರಿಗೆ ಬಂದಾಗ ಮರೆಯದೆ ಹಾಕಿಕೊಳ್ಳಬೇಕು. ಏರುವಾಗ ಗೇರನ್ನು ಏರಿನ ಬುಡದಲ್ಲೇ ಆಯ್ದುಕೊಂಡು, ಮಧ್ಯದಲ್ಲಿ ಬದಲಿಸದೆ, ಒಂದೇ ಹದದಲ್ಲಿ ಆಕ್ಸಿಲರೇಟರ್ ಕೊಡುತ್ತ ಮೈಯನ್ನು ಮುಂದಕ್ಕೆ ಬಾಗಿಸಬೇಕು. ಅರ್ಧದಲ್ಲಿ ಎಂಜಿನ್ ನಿಂತುಹೋದರೆ ಮುಂದಿನ ಬ್ರೇಕ್ ಬಿಗಿ ಹಿಡಿದು, ಬೈಕನ್ನು ಗೇರಿನಲ್ಲೇ ಬಿಟ್ಟು, ಏರಿನ ಕಡೆಯ ಪಕ್ಕಕ್ಕೆ ಇಳಿದು ಉಸಿರಾಡಿಕೊಳ್ಳಬೇಕು. ಹಿಮ್ಮುಖವಾಗಿ ಇಳಿಸುವಾಗಲೂ ಎಂಜಿನ್ ಆರಿಸಿ, ಗೇರಿನಲ್ಲೇ ಇಟ್ಟು, ಕ್ಲಚ್ಚನ್ನು ಇಷ್ಟಿಷ್ಟೇ ಒತ್ತಿ ಬಿಡುತ್ತ ಬಂದರೆ ಅದೇ ಬ್ರೇಕಿನ ಕೆಲಸ ಮಾಡುತ್ತದೆ.

ಹಳ್ಳದ ಮರಳಿಗೆ ಬೇರೆಯದೇ ಪಾಠ. ಇಲ್ಲಿ ನಿಧಾನವಾದಷ್ಟೂ ಮುಂದಿನ ಚಕ್ರ ಹೂತು ಹ್ಯಾಂಡಲ್ ಒಂದು ಕಡೆಗೆ ಹೊರಳುತ್ತದೆ. ದಡದಲ್ಲಿ ನಿಂತು, ಎದುರು ದಡದಲ್ಲಿ ಟ್ರ್ಯಾಕ್ಟರ್ ಏರಿದ ಗೆರೆಯನ್ನು ನೋಡಿಕೊಂಡು, ಮೈಭಾರವನ್ನು ಹಿಂದಕ್ಕೆ ಹಾಕಿ, ಎರಡನೇ ಗೇರಿನಲ್ಲಿ ನಿಲ್ಲಿಸದೆ ದಾಟಬೇಕು. ಬೈಕ್ ಸ್ವಲ್ಪ ಅತ್ತಿತ್ತ ಆಡಿದರೆ ಆಡಲು ಬಿಡಬೇಕು. ಸುತ್ತಮುತ್ತ ಒಂದು ಹನಿ ಬೀಳದಿದ್ದರೂ ಮೇಲಿನ ಊರುಗಳಲ್ಲಿ ಮಳೆಯಾದರೆ ಹಳ್ಳಕ್ಕೆ ಕೆಂಪು ನೀರು ಒಮ್ಮೆಲೇ ಬರುವುದುಂಟು. ಬ್ರಹ್ಮಗಿರಿಯ ಪಕ್ಕದ ಚಿನ್ನ ಹಗರಿಯಾಗಲಿ, ಸಣ್ಣ ಹಳ್ಳಗಳಾಗಲಿ, ಅವುಗಳ ಅಂಗಳದಲ್ಲಿ ಬುತ್ತಿ ಬಿಚ್ಚಿ ಕೂರಬಾರದು. ತಳ ಕಾಣದ ಹರಿವಿನಲ್ಲಿ ಬೈಕ್ ಇಳಿಸಲೂಬಾರದು.

ಎರೆಯ ವಿಷಯದಲ್ಲಿ ಹೇಳುವುದು ಚಿಕ್ಕದು. ಬೇಸಿಗೆಯಲ್ಲಿ ಚಕ್ರ ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರುಕು ಬಿಡುತ್ತದೆ, ಬಿರುಕನ್ನು ಅಡ್ಡಲಾಗಿ ದಾಟಬೇಕೇ ಹೊರತು ಅದರ ಉದ್ದಕ್ಕೆ ಹೋಗಬಾರದು. ಮಳೆ ಬಿದ್ದರೆ ಎರೆಗೆ ಇಳಿಯಲೇಬಾರದು. ಅಂಟು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರ ತಿರುಗದಂತೆ ಮಾಡುತ್ತದೆ, ಕಡ್ಡಿಯಿಂದ ಕೆರೆದು ತೆಗೆದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಅಷ್ಟೇ ಮಣ್ಣು. ಕಪ್ಪು ಮಣ್ಣಿನ ಹೊಲ ಎದುರಾದರೆ ಎಷ್ಟೇ ಸುತ್ತಾದರೂ ಕೆಂಪು ದಾರಿಯನ್ನೇ ಹಿಡಿಯಬೇಕು. ಹಾಸುಬಂಡೆ ಒಣಗಿದ್ದಾಗ ಒರಟಾಗಿ ಚೆನ್ನಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ಮೇಲೆ ಪಾಚಿಯ ಪೊರೆ ಇರುವುದರಿಂದ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ಗುಂಪಿನಲ್ಲಿ ಹೋಗುವವರು ಮುಂದಿನವರ ಧೂಳು ತಗ್ಗುವಷ್ಟು ಅಂತರ ಬಿಡಬೇಕು, ಕವಲು ಬಂದಲ್ಲಿ ಹಿಂದಿನವರು ಕಾಣುವವರೆಗೆ ನಿಲ್ಲಬೇಕು.

ದಾರಿಯ ಒಡೆಯರು

ಈ ದಾರಿಗಳನ್ನು ಮಾಡಿಕೊಂಡವರು ಹೊಲದವರು ಮತ್ತು ಕುರಿಗಾಹಿಗಳು, ನಾವು ಅಲ್ಲಿ ಹಾದುಹೋಗುವವರು. ಬೆಳಗಿನ ಹೊತ್ತು ಹಟ್ಟಿಯಿಂದ ಹೊರಟ ಹಿಂಡು ದಾರಿಯ ತುಂಬ ಬರುತ್ತಿದ್ದರೆ ಹಾರ್ನ್ ಮಾಡದೆ, ದಾರಿಯ ಅಂಚಿಗೆ ಸರಿದು ಎಂಜಿನ್ ಆರಿಸಬೇಕು. ಗಾಬರಿಯಾದ ಕುರಿ ಒಂಟಿಯಾಗಿ ಓಡುವುದಿಲ್ಲ; ಒಂದು ಹಾರಿದರೆ ಹಿಂದಿನವೆಲ್ಲ ಅದೇ ಕಡೆ ಹಾರುತ್ತವೆ, ಆ ನುಗ್ಗಾಟದಲ್ಲಿ ಮರಿಗಳು ತುಳಿತಕ್ಕೆ ಸಿಕ್ಕುತ್ತವೆ. ಹಿಂಡಿನ ನಾಯಿಗಳು ಬೊಗಳುತ್ತ ಬಂದರೂ ನಿಂತ ಬೈಕನ್ನು ಮೂಸಿ ಸುಮ್ಮನಾಗುತ್ತವೆ, ಓಡುವ ಬೈಕನ್ನು ಮಾತ್ರ ಬಿಡುವುದಿಲ್ಲ. ಕೊನೆಯ ಮರಿಯನ್ನು ಹೆಗಲಿಗೆ ಹಾಕಿಕೊಂಡು ಬರುವ ಕುರಿಗಾಹಿಯನ್ನು ಮುಂದಿನ ದಾರಿಯ ಬಗ್ಗೆ ಕೇಳಿ. ಯಾವ ಹಳ್ಳ ಹೂತಿದೆ, ಯಾವ ದಾರಿಗೆ ಹೊಸದಾಗಿ ಬೇಲಿ ಬಿದ್ದಿದೆ ಎಂಬುದನ್ನು ಯಾವ ನಕ್ಷೆಗಿಂತಲೂ ನಿಖರವಾಗಿ ಅವರು ಹೇಳುತ್ತಾರೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರೂ ಕಾಡುಗೊಲ್ಲರೂ ದೇವರ ಎತ್ತುಗಳನ್ನು ಸಾಕುವ ಸಮುದಾಯಗಳು. ಆ ಹಿಂಡುಗಳಿಗೂ ಹಟ್ಟಿಯ ಗುಡಿಗಳಿಗೂ ಅವರದೇ ಆದ ಕಟ್ಟುಪಾಡುಗಳಿವೆ. ಮುಳ್ಳುಬೇಲಿ ಹಾಕಿದ ಗುಡಿಯ ಆವರಣ ಕಂಡರೆ ಹತ್ತಿರ ಬೈಕ್ ಒಯ್ಯದೆ, ಹೊರಗೇ ನಿಂತು ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಬೇಕು. ಈರುಳ್ಳಿ, ಟೊಮೆಟೊ ಹೊಲಗಳ ಬಳಿ ದಾರಿಗೆ ಅಡ್ಡಲಾಗಿ ಕೊಳವೆಬಾವಿಯ ಪೈಪು ಹಾಸಿದ್ದರೆ ಅದರ ಮೇಲೆ ಬೈಕ್ ಹತ್ತಿಸಬಾರದು. ಬಿಸಿಲಿಗೆ ಪೆಡಸಾದ ಪೈಪು ಒಂದೇ ಸಲಕ್ಕೆ ಒಡೆಯುತ್ತದೆ. ಒಬ್ಬರು ಅದನ್ನು ಎತ್ತಿ ಹಿಡಿದರೆ ಅಥವಾ ಎರಡೂ ಬದಿಗೆ ಚಪ್ಪಟೆ ಕಲ್ಲಿಟ್ಟರೆ ದಾಟಬಹುದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿ ಹೊಟ್ಟಿನ ಬಗ್ಗೆಯೂ ಎಚ್ಚರ ಬೇಕು: ಅದು ಚೈನಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ಅಂಟಿದರೆ ಬೆಂಕಿಯೂ ಹೊತ್ತಿಕೊಳ್ಳಬಹುದು. ಜೀಪಿನವರು ಇಂಥ ಕಡೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿದ್ದನ್ನು ಕಿತ್ತು ಮುಂದೆ ಹೋಗಬೇಕು.

ಯಾರಾದರೂ ಬಿದ್ದು ಪೆಟ್ಟಾದರೆ ಮೊದಲು ಬೈಕಿನ ಎಂಜಿನ್ ಆರಿಸಿ, ಬಿದ್ದವರ ಹೆಲ್ಮೆಟ್ ತೆಗೆಯುವ ಆತುರ ಮಾಡದೆ, ಕುತ್ತಿಗೆ ಬೆನ್ನು ನೋಯುತ್ತಿದೆಯೇ ಎಂದು ಕೇಳಬೇಕು. 108ಕ್ಕೆ ಕರೆ ಮಾಡುವಾಗ ಹತ್ತಿರದ ಊರಿನ ಹೆಸರನ್ನು ಹೇಳಿ, ಡಾಂಬರು ರಸ್ತೆ ಸೇರುವ ಜಾಗಕ್ಕೆ ಒಬ್ಬರನ್ನು ಕಳಿಸಿ ನಿಲ್ಲಿಸಬೇಕು, ಏಕೆಂದರೆ ಬಂಡಿದಾರಿಯ ಕವಲುಗಳು ಆಂಬುಲೆನ್ಸಿನವರಿಗೆ ತಿಳಿಯುವುದಿಲ್ಲ.

ಸವಾರಿ ಮುಗಿಸಿ ಹೆದ್ದಾರಿ ಸೇರುವ ಮುನ್ನ ಟೈರಿಗೆ ಮತ್ತೆ ಪೂರ್ತಿ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯ ಟೈರು ಹೆದ್ದಾರಿಯ ವೇಗದಲ್ಲಿ ಕಾದು ಹಾಳಾಗುತ್ತದೆ, ತಿರುವಿನಲ್ಲಿ ಬೈಕನ್ನೂ ಓಲಾಡಿಸುತ್ತದೆ. ಮನೆಗೆ ಬಂದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ಇಲ್ಲಿನ ಧೂಳಿನಲ್ಲಿ ಒಂದು ದಿನ ಓಡಿಸಿದರೂ ಅದು ಕೆಂಪಾಗಿರುತ್ತದೆ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಎಣ್ಣೆ ಹಾಕಿ, ಸ್ಪೋಕುಗಳು ಸಡಿಲವಾಗಿವೆಯೇ ಎಂದು ಒಂದೊಂದನ್ನೇ ಬೆರಳಿನಿಂದ ಅಲುಗಿಸಿ ನೋಡಿ. ಮರುದಿನ ಬೆಳಿಗ್ಗೆ ಗೇಜ್ ಹಿಡಿದು ಎರಡೂ ಟೈರಿನ ಗಾಳಿ ಅಳೆಯಿರಿ. ರಾತ್ರಿಯಲ್ಲಿ ಮೂರು ನಾಲ್ಕು ಪಿಎಸ್‌ಐ ಇಳಿದಿದ್ದರೆ ಜಾಲಿಯ ಚೂರೊಂದು ಇನ್ನೂ ಒಳಗಿದೆಯೆಂದು ತಿಳಿದು, ಅದನ್ನು ತೆಗೆಯುವವರೆಗೆ ಬೈಕನ್ನು ರಸ್ತೆಗೆ ಇಳಿಸಬೇಡಿ.